ಎದುರು ಫ್ಲಾಟಿನ ಕಾಕನ ಬೇಸ್‌ಬಾಲ್ ಕ್ಯಾಲೆಂಡರ್

ಕಳೆದ ತಿಂಗಳು ದೋಹಾದ ಅಲ್ ಸದ್ದ್‌ನ ಫ್ಲಾಟ್ ಬಿಟ್ಟು ಅಲ್ ಗರಾಫಾಕ್ಕೆ ಮನೆ ಬದಲಿಸುವಾಗ ಕಪಾಟಿನ ಹಿಂದೆ ನಿಲ್ಲಿಸಿಟ್ಟಿದ್ದ ಒಂದು ರಟ್ಟಿನ ಕೊಳವೆ ಕೈಗೆ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಎಣ್ಣೆ ಹಚ್ಚಿದ ಚರ್ಮದ ವಾಸನೆ ಬಂತು. ಚಪ್ಪಲಿ ಅಂಗಡಿಯ ವಾಸನೆಯಲ್ಲ, ಸೋಫಾದ್ದೂ ಅಲ್ಲ. ಬೇಸ್‌ಬಾಲ್ ಆಡುವವರು ತಮ್ಮ ದೊಡ್ಡ ಗ್ಲೌಸು ಬಿರುಕು ಬಿಡದಿರಲೆಂದು ತಿಕ್ಕುವ ಎಣ್ಣೆಯದು. ಆ ವಾಸನೆಯನ್ನು ನಾನು ಒಬ್ಬರ ಅಂಗಿಯಲ್ಲಿ ಮಾತ್ರ ಕಂಡವನು.

ಇಷ್ಟು ವರ್ಷವಾದ ಮೇಲೂ ವಾಸನೆ ಉಳಿಯುತ್ತದೆಯೇ? ಹೆಂಡತಿಯ ಮೂಗಿಗೆ ಹಿಡಿದೆ. "ಧೂಳು," ಎಂದಳು. ಬೇರೇನೂ ಇಲ್ಲವೆಂದಳು...

ಕಾಕ ನಮ್ಮ ಎದುರು ಫ್ಲಾಟಿನಲ್ಲಿ ಇನ್ನೂ ಮೂವರ ಜೊತೆ ಇದ್ದರು. ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನರು. ಊರಿನವರೆಂಬ ಸಲಿಗೆಯಲ್ಲಿ ಕಟ್ಟಡದ ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಅಮೆರಿಕನ್ ಸೈನಿಕರ ಕ್ಯಾಂಪಿನಲ್ಲಿ ಒಂದು ಗುತ್ತಿಗೆ ಕಂಪನಿಯ ಪರವಾಗಿ ಆಟದ ಸಾಮಾನಿನ ಸ್ಟೋರ್ ನೋಡಿಕೊಳ್ಳುವುದು ಅವರ ಕೆಲಸ. ಚೆಂಡು ಎಣಿಸಿ ಕೊಡುವುದು, ಗ್ಲೌಸಿಗೆ ಎಣ್ಣೆ ತಿಕ್ಕುವುದು. ಆಟ ಹೇಗೆಂದು ಕೇಳಿದರೆ "ಹೊಡೀತಾರೆ, ಓಡ್ತಾರೆ, ಆಮೇಲೆ ಹೊರಟಲ್ಲಿಗೇ ವಾಪಸ್ ಬರ್ತಾರೆ. ಅದಕ್ಕೆ ಒಂದು ಪಾಯಿಂಟ್. ನಮ್ಮ ಹಾಗೆಯೇ," ಎಂದು ನಗುತ್ತಿದ್ದರು.

ನನಗೆ ಆಗ ಮದುವೆಯಾಗಿರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದೆ. ಯಾರು ಏನು ಹೇಳಿದರೂ "ಅದಕ್ಕೆ ಆಧಾರ?" ಎಂದು ಕೇಳುವ ರೋಗ ಅಂಟಿತ್ತು. ಕಾಕ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ಎಂಎಸ್ಸಿ ಎಂದೇ ಕರೆಯುತ್ತಿದ್ದರು.

೨೦೦೭ರ ಜನವರಿಯಲ್ಲಿ ಅವರು ಕ್ಯಾಂಪಿನಿಂದ ಒಂದು ಗೋಡೆ ಕ್ಯಾಲೆಂಡರ್ ತಂದರು. ಊರಿಗೆ ಹೊರಟ ಯಾರೋ ಸೈನಿಕ ಬಿಟ್ಟುಹೋದದ್ದು. ಅವನ ಊರಿನ ಬೇಸ್‌ಬಾಲ್ ತಂಡದ್ದಂತೆ. ತಿಂಗಳಿಗೊಬ್ಬ ಆಟಗಾರನ ಚಿತ್ರ, ಅದರ ಕೆಳಗೆ ದಿನಗಳ ಚೌಕಗಳು. ಆದರೆ ಅದು ೨೦೦೧ರದ್ದು. ಬಿಸಾಡಿ ಎಂದವರ ನಡುವೆ ನಾನೇ ನಿಂತು ಲೆಕ್ಕ ಹಾಕಿ, ಎರಡೂ ವರ್ಷಗಳ ವಾರಗಳು ಒಂದೇ, ಈ ವರ್ಷಕ್ಕೂ ನಡೆಯುತ್ತದೆ ಎಂದೆ. ಕಾಕನಿಗೆ ಅದೊಂದು ಪವಾಡದಂತೆ ಕಂಡಿತು. "ಪವಾಡ ಅಲ್ಲ ಕಾಕ, ಗಣಿತ," ಎಂದೆ. ಅದನ್ನು ಗೋಡೆಗೆ ಹತ್ತಿಸಿದವನು ನಾನು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅದರ ಕೆಲವು ಚೌಕಗಳಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ತಂಡದ ಚರಿತ್ರೆ ಅಚ್ಚಾಗಿತ್ತು. ತಂಡ ಹುಟ್ಟಿದ ದಿನ, ಮರದ ಗ್ಯಾಲರಿ ಸುಟ್ಟುಹೋದ ದಿನ, ಮೈದಾನಕ್ಕೆ ದೀಪ ಬಂದ ದಿನ, ಮಂಜು ಮುಸುಕಿ ಆಟ ಅರ್ಧಕ್ಕೆ ನಿಂತ ದಿನ. ಕಾಕನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ಊಟವಾದ ಮೇಲೆ ನನ್ನನ್ನು ಕರೆದು ಬರುವ ವಾರದ ಚೌಕಗಳನ್ನು ಓದಿಸುತ್ತಿದ್ದರು. ಉಳಿದವರು "ಕಾಕನಿಗೆ ಅಮೆರಿಕದಿಂದ ಪಂಚಾಂಗ ಬಂದಿದೆ," ಎಂದು ಛೇಡಿಸುತ್ತಿದ್ದರು.

ಒಮ್ಮೆ, ತಂಡ ಸಾಲಾಗಿ ಸೋತು ಸೋತು ಹೊಸ ದಾಖಲೆ ಮಾಡಿದ ದಿನ ಬಂತು. ಕಾಕ ತಟ್ಟೆ ಕೆಳಗಿಟ್ಟರು.

"ಸೋತದ್ದನ್ನೂ ಬರೆದಿದ್ದಾರಾ?"

"ಬರೆದಿದ್ದಾರೆ."

"ನಮ್ಮೂರಿನ ಕ್ಲಬ್ಬಿನವರು ಗೆದ್ದ ಕಪ್ ಮಾತ್ರ ಶೋಕೇಸಿನಲ್ಲಿ ಇಡೋದು," ಎಂದರು. ಆಮೇಲೆ ಪೆನ್ನು ತಂದು ಕೊಟ್ಟು, ತಮ್ಮ ದಿನಗಳನ್ನೂ ಖಾಲಿ ಚೌಕಗಳಲ್ಲಿ ಬರೆಯಬೇಕು, ಆ ತಂಡದವರು ಬರೆದ ಹಾಗೆಯೇ ಇಂಗ್ಲಿಷಿನಲ್ಲಿ, ಅಷ್ಟೇ ಸಣ್ಣದಾಗಿ ಎಂದರು.

ಬರೆದೆ. ದೋಹಾದಲ್ಲಿ ಇಳಿದ ದಿನ. ಮಗಳು ಹುಟ್ಟಿದ ದಿನ. ಅವಳನ್ನು ಮೊದಲು ಕಂಡ ದಿನ, ಅದು ಒಂದು ವರ್ಷದ ನಂತರದ್ದು. ಇವರನ್ನು ನೋಡಿ ಮಗು ಚೀರಿ ಅಮ್ಮನ ಹಿಂದೆ ಅಡಗಿತಂತೆ. "ಅದನ್ನೂ ಬರೆಯಿರಿ. ಅದು ಸೋತ ದಿನ," ಎಂದರು. ಅಚ್ಚಿನ ಅಕ್ಷರವನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸಿದೆನೆಂದರೆ, ಸ್ವಲ್ಪ ದೂರ ನಿಂತರೆ ತಂಡದ ದಿನ ಯಾವುದು, ಕಾಕನ ದಿನ ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ತಂಡದ ಹಳೆಯ ಮೈದಾನವನ್ನು ಕೆಡವಲು ಶುರುಮಾಡಿದ ದಿನವನ್ನು ಓದಿದ ಶುಕ್ರವಾರ ಕಾಕ, "ನನ್ನ ಕೊನೆಯ ದಿನವನ್ನೂ ಬರೆದುಬಿಡಿ," ಎಂದರು. ನಾನು ತಲೆ ಎತ್ತಿದೆ. "ಇಲ್ಲಿಯದ್ದು ಮಾರಾಯ್ರೆ, ಕತಾರಿನದ್ದು!" ಎಂದು ನನ್ನ ಬೆನ್ನಿಗೆ ಗುದ್ದಿದರು. ಇಪ್ಪತ್ತಾರು ವರ್ಷಗಳಿಂದ ಇನ್ನೊಂದು ವರ್ಷ, ಇನ್ನೊಂದು ವರ್ಷ ಎಂದು ಹೆಂಡತಿಗೆ ಹೇಳುತ್ತ ಬಂದವರು ಅವರು. ಈ ಸಲ ಪೆರ್ನಾಲ್ ಮುಗಿಸಿ, ಅಂದರೆ ಈದ್ ಕಳೆದ ಮೇಲೆ, ಅಕ್ಟೋಬರ್ ಕೊನೆಗೆ ಹೋಗುವುದೆಂದು ನಿರ್ಧರಿಸಿದರು. ಬರೆದಿಟ್ಟರೆ ಮನಸ್ಸು ಬದಲಾಗದು ಎಂದರು. ಬರೆದೆ.

ಜುಲೈಯಲ್ಲಿ ಒಂದು ಶುಕ್ರವಾರ ರಂಜಾನ್ ಯಾವಾಗ ಶುರುವಾಗುತ್ತದೆಂದು ನೋಡಲು ಹಾಳೆ ತಿರುಗಿಸುತ್ತಿದ್ದೆವು. ಸೆಪ್ಟೆಂಬರ್ ಕೊನೆಯ ವಾರದ ಒಂದು ಚೌಕದ ಮೇಲೆ ಕಾಕ ಬೆರಳಿಟ್ಟರು.

"ಎಂಎಸ್ಸಿ, ಇಲ್ಲಿ ಎಂತ ಉಂಟು?"

ಬಾಗಿ ನೋಡಿದೆ. ನನ್ನದೇ ಅಕ್ಷರ. "ಕಾಕನ ಕೊನೆಯ ದಿನ," ಎಂದು ಓದಿದೆ.

"ಇದು ಸೆಪ್ಟೆಂಬರ್ ಅಲ್ವಾ? ಉಪವಾಸದ ನಡುವೆ ಹೋಗುವುದಾ ನಾನು?"

"ತಪ್ಪಾಗಿದೆ ಕಾಕ. ಒಂದು ಹಾಳೆ ಕಡಿಮೆ ತಿರುಗಿಸಿದ್ದೇನೆ. ಪೆನ್ನು ಕೊಡಿ, ಹೊಡೆದು ಹಾಕುತ್ತೇನೆ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ಜುಲೈ ತಿಂಗಳ ದೋಹಾದಲ್ಲಿ, ಏಸಿ ಕೆಟ್ಟಿದ್ದ ಕೋಣೆಯಲ್ಲಿ... ಇದನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ.

"ಬೇಡ. ಅವರು ಸೋತದ್ದನ್ನೂ ಹೊಡೆದು ಹಾಕಲಿಲ್ಲ," ಎಂದರು.

"ನನ್ನ ಕೈತಪ್ಪಿಗೆ ನೀವು ಒಂದು ತಿಂಗಳು ಮೊದಲೇ ಕೆಲಸ ಬಿಡುವುದಾ? ಇದಕ್ಕೆ ಏನಾದರೂ ಅರ್ಥ ಉಂಟಾ?"

"ಖಲಾಸ್ ಮಾರಾಯ್ರೆ. ಬರೆದಾಯ್ತಲ್ಲ."

ನಾನು ಸಿಟ್ಟಿನಿಂದ ಎದ್ದು ಬಂದೆ. ಅಕ್ಟೋಬರ್ ಹಾಳೆಯನ್ನು ತಿರುಗಿಸಿ ನೋಡಲಿಲ್ಲ. ಆಧಾರ ಕೇಳುವವನು ಮಾಡಬೇಕಾಗಿದ್ದ ಮೊದಲ ಕೆಲಸ ಅದು.

ಮರುದಿನವೇ ಅವರು ಕಂಪನಿಯ ಆಫೀಸಿಗೆ ಹೋಗಿ ಸೆಪ್ಟೆಂಬರಿನ ತಾರೀಕು ಕೊಟ್ಟು ಬಂದರು. ಹೊರಡುವ ದಿನ ಬೆಳಿಗ್ಗೆ ಕ್ಯಾಲೆಂಡರನ್ನು ಸುತ್ತಿ ಕೊಳವೆಯಲ್ಲಿ ಹಾಕಿ ನನ್ನ ಕೈಗಿಟ್ಟರು. "ನಿಮ್ಮ ಅಕ್ಷರ ಉಂಟಲ್ಲ ಇದರಲ್ಲಿ. ನಿಮ್ಮಲ್ಲೇ ಇರಲಿ." ನಾನು ಬಿಚ್ಚಿ ನೋಡಲಿಲ್ಲ. ಕಪಾಟಿನ ಹಿಂದೆ ಇಟ್ಟೆ.

ಈದ್ ದಿನ ಶುಭಾಶಯ ಹೇಳಲು ಕಾಕನ ಊರಿಗೆ ಫೋನ್ ಮಾಡಿದೆ. ಅವರ ಹೆಂಡತಿ ತೀರಿಹೋಗಿ ಎರಡು ದಿನವಾಗಿತ್ತು. ಕಾಯಿಲೆ ಇರಲಿಲ್ಲವಂತೆ. ಸಂಜೆಯ ಅಸರ್ ನಮಾಜು ಮಾಡಿ ಒರಗಿದವರು ಏಳಲಿಲ್ಲ.

"ನನ್ನ ರಜೆ ಯಾವತ್ತೂ ಉಪವಾಸದಲ್ಲಿ ಬಿದ್ದದ್ದಿಲ್ಲ ಎಂಎಸ್ಸಿ," ಎಂದರು ಕಾಕ. "ಹನ್ನೆರಡು ದಿನ ಅವಳ ಜೊತೆ ಕೂತು ಉಪವಾಸ ಬಿಟ್ಟೆ. ನೀವು ತಪ್ಪಿ ಬರೆದದ್ದಕ್ಕೆ ಸಿಕ್ಕಿದ್ದು."

ಆಕಸ್ಮಿಕ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ನನ್ನ ತಪ್ಪಿನಿಂದ ಒಬ್ಬರಿಗೆ ಹನ್ನೆರಡು ದಿನ ಸಿಕ್ಕಿತು ಎಂಬ ಒಂದು ವಿಚಿತ್ರ ಸಮಾಧಾನದಲ್ಲಿ ಇಷ್ಟು ವರ್ಷ ಇದ್ದೆ.

ಹೊಸ ಮನೆಯ ನೆಲದ ಮೇಲೆ ಕ್ಯಾಲೆಂಡರ್ ಹರಡಿ, ನಾಲ್ಕು ಮೂಲೆಗೂ ಡಬ್ಬಿ ಇಟ್ಟು, ಸೆಪ್ಟೆಂಬರ್ ತೆರೆದೆ. ಕೊನೆಯ ವಾರ. ಚೌಕ ಖಾಲಿ ಇತ್ತು.

ಭೂತಗನ್ನಡಿ ತಂದು ನೋಡಿದೆ. ಉಜ್ಜಿದ ಗುರುತಿಲ್ಲ, ಪೆನ್ನಿನ ಒತ್ತು ಇಲ್ಲ. ಶಾಯಿ ಮಾಸಿರಬಹುದು ಎಂದರೆ ಅದೇ ಪೆನ್ನಿನ ಬೇರೆ ಬರಹಗಳು ಕಪ್ಪಗೆ ನಿಂತಿವೆ. ದೋಹಾದಲ್ಲಿ ಇಳಿದ ದಿನ ಇದೆ, ಮಗು ಚೀರಿದ ದಿನ ಇದೆ. ಮುಂದಿನ ಹಾಳೆ ತಿರುಗಿಸಿದೆ. ಅಕ್ಟೋಬರ್ ಕೊನೆಯ ವಾರದಲ್ಲಿ, ಅವರು ಹೇಳಿದ ಜಾಗದಲ್ಲಿಯೇ, ನನ್ನ ಅಕ್ಷರದಲ್ಲಿ ಇತ್ತು: ಕಾಕನ ಕೊನೆಯ ದಿನ.

ಅಂದರೆ ನಾನು ತಪ್ಪು ಬರೆದಿರಲೇ ಇಲ್ಲ. ಹಾಗಾದರೆ ಆ ಜುಲೈ ಶುಕ್ರವಾರ ನಾನು ಓದಿದ್ದು ಏನನ್ನು? ಕಾಕನಿಗೆ ಓದಲು ಬರುತ್ತಿರಲಿಲ್ಲ. ಅಲ್ಲಿ ಅಕ್ಷರ ಇತ್ತು ಎನ್ನಲು ಸಾಕ್ಷಿ ನಾನೊಬ್ಬನೇ. ಆದರೆ ಓದಲು ಬಾರದವರಿಗೂ ಖಾಲಿ ಚೌಕ ಖಾಲಿಯಾಗಿಯೇ ಕಾಣುತ್ತದಲ್ಲವೇ? ಮತ್ತೆ ಅದರ ಮೇಲೆ ಬೆರಳಿಟ್ಟು "ಎಂತ ಉಂಟು" ಎಂದು ಏಕೆ ಕೇಳಿದರು? ನನ್ನ ನೆನಪು ತಪ್ಪಿರಬಹುದು. ತಪ್ಪಿರಲೇಬೇಕು. ಆದರೆ ಅವರು ಸೆಪ್ಟೆಂಬರಿನಲ್ಲಿ ಹೋದದ್ದು ನೆನಪಲ್ಲ, ನಡೆದದ್ದು.

ಕೇಳಲು ಕಾಕ ಇಲ್ಲ. ಮೂರು ವರ್ಷಗಳ ಹಿಂದೆ ಅವರ ಮಗಳು ಫೋನ್ ಮಾಡಿ ತಿಳಿಸಿದಳು. "ಎಂಎಸ್ಸಿಗೆ ಹೇಳು ಅಂತ ಹೇಳಿದ್ದರು," ಎಂದಿದ್ದಳು. ನಾನು ಮಣ್ಣಿಗೂ ಹೋಗಲಿಲ್ಲ. ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಸಮಯ ಎಂದು ನೆಪ ಹೇಳಿದೆ. ಅವರು ತೀರಿಕೊಂಡದ್ದು ಮಾರ್ಚಿನಲ್ಲಿ. ತಾರೀಕು ನನಗೆ ಗೊತ್ತು.

ಕ್ಯಾಲೆಂಡರ್ ಈಗ ಹೊಸ ಮನೆಯ ಕಪಾಟಿನ ಮೇಲಿದೆ. "ಮತ್ತೆ ಬಿಚ್ಚಿ ನೋಡುವುದಿಲ್ಲವಾ?" ಎಂದು ಹೆಂಡತಿ ಕೇಳಿದಳು. ನೋಡಿದರೆ ಆ ತಾರೀಕಿನ ಚೌಕದಲ್ಲಿ ಏನೂ ಇರುವುದಿಲ್ಲ, ಇರಲು ಸಾಧ್ಯವಿಲ್ಲ, ಆ ಕಾಗದ ಮೂರು ವರ್ಷದ ಹಿಂದೆ ಕೊಳವೆಯೊಳಗೇ ಇತ್ತು ಎಂದು ಅವಳಿಗೆ ವಿವರಿಸಿದೆ. ಜನವರಿಯಿಂದ ಡಿಸೆಂಬರಿನವರೆಗೆ ಹನ್ನೊಂದು ಹಾಳೆಗಳನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ.

ಮಾರ್ಚ್ ಹಾಳೆಯನ್ನು ತೆರೆದಿಲ್ಲ.