ಗೇಟ್ ಬಿದ್ದಷ್ಟು ಹೊತ್ತು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮೊದಲ ಪಾಳಿ ಬೆಳಿಗ್ಗೆ ಆರಕ್ಕೆ ಶುರು. ಒಂಬತ್ತೂವರೆಗೆ ತಿಂಡಿಗೆಂದು ಅರ್ಧ ಗಂಟೆ ಬಿಡುತ್ತಾರೆ. ಮಷಿನಿನ ಹತ್ತಿರ ಮೊಬೈಲು ಒಯ್ಯುವ ಹಾಗಿಲ್ಲ, ಲಾಕರಿನಲ್ಲಿಡಬೇಕು. ಹೋದ ವರ್ಷ ಎರಡು ತಿಂಗಳ ಕಾಲ ನಾನು ಸೈರನ್ ಆದ ಕೂಡಲೇ ಎರಡು ಇಡ್ಲಿ ನುಂಗಿ ಲಾಕರಿಗೆ ಓಡುತ್ತಿದ್ದೆ. ಮೊಬೈಲು ತೆಗೆದುಕೊಂಡು ಗುಜರಿ ರಾಶಿಯ ಹಿಂದಿನ ಕಟ್ಟೆಯ ಮೇಲೆ ಕೂತು ರೈಲು ನೋಡುತ್ತಿದ್ದೆ. ಹಾಗೆಂದು ಎಲ್ಲರಿಗೂ ಹೇಳಿದ್ದೆ.

ರೈಲು ಎಂದರೆ ಗದಗದ ಆಚೆಗಿರುವ, ನನ್ನ ಹೆಂಡತಿಯ ತವರೂರಿನ ರೈಲು. ಅಲ್ಲಿಯ ರೈಲ್ವೆ ಗೇಟಿನ ಎದುರಿಗೆ ಒಂದು ಫೋಟೋ ಸ್ಟುಡಿಯೋ ಇದೆ. ಅದರ ಮಾಲೀಕರಿಗೆ ಚಿಕ್ಕಂದಿನಿಂದ ರೈಲಿನ ಹುಚ್ಚು. ಮದುವೆ ಸೀಜನ್ ಮುಗಿದು ಕೈ ಖಾಲಿಯಾದಾಗ ಮಾಳಿಗೆಯ ಮೇಲೊಂದು ಕ್ಯಾಮೆರಾ ಕಟ್ಟಿ, ಗೇಟಿನ ಕಡೆ ಮುಖ ಮಾಡಿಸಿ, ಬೆಳಗಿನಿಂದ ಸಂಜೆಯವರೆಗೆ ಇಂಟರ್‌ನೆಟ್ಟಿನಲ್ಲಿ ಲೈವ್ ಬಿಡತೊಡಗಿದ್ದರು. ನೋಡುವವರು ಇಪ್ಪತ್ತು ಮೂವತ್ತು ಜನ. ಪುಣೆಯವರೊಬ್ಬರು, ದುಬೈಯಲ್ಲಿದ್ದವರೊಬ್ಬರು ಖಾಯಂ. ರೈಲು ಬಂದರೆ ಇಂಜಿನ್ನಿನ ನಂಬರು ಬರೆದು ಖುಷಿಪಡುತ್ತಿದ್ದರು. ಉಳಿದ ಹೊತ್ತಿನಲ್ಲಿ ಕಾಣುವುದು ಎರಡು ಜೋಡಿ ಹಳಿ, ಒಂದು ಬೇವಿನ ಮರ, ಗೇಟ್‌ಮನ್‌ನ ಕೋಣೆ ಮತ್ತು ಯಾರದೋ ಎರಡು ಆಡು.

ಇಂಜಿನ್ನಿನ ನಂಬರು ಕಟ್ಟಿಕೊಂಡು ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಹತ್ತಕ್ಕೆ ಹದಿನೈದು ನಿಮಿಷ ಇರುವಾಗ ಪ್ಯಾಸೆಂಜರ್ ಗಾಡಿಗೆಂದು ಗೇಟ್ ಹಾಕುತ್ತಿದ್ದರು. ಅದೇ ಹೊತ್ತಿಗೆ ನನ್ನ ಹೆಂಡತಿ ಹೆಗಲಿಗೆ ಚೀಲ ಹಾಕಿಕೊಂಡು ಬಂದು ಗೇಟಿನ ಮುಂದೆ ನಿಲ್ಲುತ್ತಿದ್ದಳು. ಅವಳು ಕೆಲಸ ಮಾಡುವ ಅಂಗನವಾಡಿ ಹಳಿಯ ಆಚೆಗಿದೆ. ಗೇಟ್ ಬಿದ್ದಷ್ಟು ಹೊತ್ತು ಅವಳು ನನಗೆ ಕಾಣುತ್ತಿದ್ದಳು, ಬೆರಳುದ್ದ.

ಮದುವೆಯಾದ ಮೇಲೆ ಅವಳು ಟಿ. ದಾಸರಹಳ್ಳಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಒಂದೂವರೆ ವರ್ಷ ಇದ್ದಳು. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ನಾನು ಪಾಳಿಗೆ ಹೋದರೆ ಮಾತಾಡಲು ಆ ಗೋಡೆಯೇ ಗತಿ ಎಂದು ನಗುತ್ತಲೇ ಹೇಳುತ್ತಿದ್ದಳು. ಮದುವೆಗೆ ಮೊದಲು ಹಾಕಿದ್ದ ಅರ್ಜಿಗೆ ತವರೂರಿನ ಅಂಗನವಾಡಿಯ ಕೆಲಸದ ಆದೇಶ ಬಂದಾಗ ಅವಳು ಅದನ್ನು ಮೂರು ಸಲ ಓದಿದಳು. ನನಗೆ ಸಿಟ್ಟು ಬಂತು. ನನ್ನನ್ನು ಕೇಳಲಿಲ್ಲ ಎಂದಲ್ಲ, ಕೇಳಿದ್ದಳು. ನಾನು ಬೇಡ ಅಂದ ಮೇಲೂ ಅವಳ ಮುಖದ ಖುಷಿ ಹೋಗಲಿಲ್ಲವಲ್ಲ, ಅದಕ್ಕೆ.

"ಹೋಗೂದಿದ್ರ ಹೋಗು. ಹೋದ್ರ ಮತ್ತ ಬರಬ್ಯಾಡ," ಅಂದೆ.

ಅವಳು ಹೋದಳು. ಹೋಗುವ ಮುಂಚೆ ಮನೆಯಲ್ಲಿದ್ದ ಕೊಡ, ಬಕೆಟ್ಟು, ಡ್ರಮ್ಮು ಎಲ್ಲಕ್ಕೂ ನೀರು ತುಂಬಿಸಿಟ್ಟಿದ್ದಳು. ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ, ಆ ಹೊತ್ತಿಗೆ ನಾನು ಪಾಳಿಯಲ್ಲಿರುತ್ತೇನೆ. ಅದು ಪ್ರೀತಿಯೋ ಸಿಟ್ಟೋ ನನಗೆ ತಿಳಿಯಲಿಲ್ಲ. ಆ ನೀರು ಖಾಲಿಯಾಗುವಷ್ಟರಲ್ಲಿ ಫೋನ್ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವನು ನಾನೇ ಆದ್ದರಿಂದ ನಾನೇ ಫೋನ್ ಮಾಡಬೇಕಿತ್ತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಹಾಗಾಗಿ ಫೋನ್ ಮಾಡುವ ಬದಲು ಕ್ಯಾಮೆರಾದಲ್ಲಿ ನೋಡುವ ದಾರಿ ಹಿಡಿದೆ.

ಇದು ಕದ್ದು ನೋಡುವುದು ಎಂದು ನನಗೆ ಗೊತ್ತಿತ್ತು. ಕಟ್ಟೆಯ ಹತ್ತಿರ ಯಾರಾದರೂ ಬಂದರೆ ಮೊಬೈಲು ತಿರುಗಿಸಿ ಹಿಡಿಯುತ್ತಿದ್ದೆ. ಪಕ್ಕದ ಮಷಿನಿನಲ್ಲಿ ಕೆಲಸ ಮಾಡುವ ಗೆಳೆಯ ಮಾತ್ರ ಒಂದು ದಿನ ಬೆನ್ನ ಹಿಂದಿನಿಂದ ಬಗ್ಗಿ ನೋಡಿ, ಒಂದೇ ನಿಮಿಷದಲ್ಲಿ ಎಲ್ಲ ಅರ್ಥ ಮಾಡಿಕೊಂಡ. ಅವನು ಬೆಂಗಳೂರಿನವನೇ, ಬಾಯಿಗೆ ಬೀಗ ಇಲ್ಲ.

"ಏನ್ ಮಗಾ, ಹೆಂಡ್ತಿಗೆ ಸಿಸಿಟಿವಿ ಹಾಕ್ಸಿದೀಯ?" ಅಂದ. ಆಮೇಲೆ ಪಕ್ಕದಲ್ಲಿ ಕೂತು, "ಲೈವ್ ಅಂತಾರೆ ಅಷ್ಟೆ, ಅರ್ಧ ನಿಮಿಷ ಹಿಂದಿರತ್ತೆ ಕಣೋ. ಪಕ್ಕದ ಮನೆ ಟಿವೀಲಿ ಔಟ್ ಆದ್ಮೇಲೆ ನಮ್ಮ ಮೊಬೈಲಲ್ಲಿ ಬಾಲ್ ಹಾಕ್ತಾರಲ್ಲ, ಹಂಗೆ," ಅಂದ. ಫೋನ್ ಮಾಡು ಎಂದೂ ಹೇಳಿದ. ಕೇಳದವನ ಹಾಗೆ ಕೂತೆ.

ನನಗೆ ಹೆಚ್ಚು ಇಷ್ಟವಾಗುತ್ತಿದ್ದುದು ಗೂಡ್ಸ್ ಗಾಡಿ. ಅದು ಬಂದರೆ ಗೇಟು ಬೇಗ ಏಳುವುದಿಲ್ಲ, ಅವಳು ಇನ್ನೂ ಐದು ನಿಮಿಷ ನಿಂತಿರುತ್ತಾಳೆ. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾಳೆ, ಆಡನ್ನು ಗದರಿಸುತ್ತಾಳೆ. ದಿನಾ ಗೂಡ್ಸ್ ಬರಲಿ, ಉದ್ದದ್ದೇ ಬರಲಿ ಎಂದು ಕೂತಲ್ಲೇ ಬೇಡಿಕೊಳ್ಳುತ್ತಿದ್ದೆ. ಅಲ್ಲಿ ಅವಳಿಗೆ ತಡವಾಗುತ್ತದೆ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ.

ಒಂದು ಶುಕ್ರವಾರ ಗೂಡ್ಸ್ ಬಂತು. ಬೋಗಿಗಳು ಮುಗಿಯುವಂತೆಯೇ ಇರಲಿಲ್ಲ. ಕೊನೆಯ ಬೋಗಿ ದಾಟಿದ ಮೇಲೂ ಗೇಟ್ ಏಳಲಿಲ್ಲ. ಜನ ಗಡಿಯಾರ ನೋಡಿಕೊಂಡರು. ಇಬ್ಬರು ಬೈಕಿನವರು ಬೈಕು ವಾಲಿಸಿ ಗೇಟಿನ ಕೆಳಗೆ ನುಗ್ಗಿಸಿದರು. ಅಷ್ಟರಲ್ಲಿ ಪುಣೆಯವರು, ಇನ್ನೊಂದು ಹಳಿಯಲ್ಲಿ ಪ್ಯಾಸೆಂಜರ್ ಬರುತ್ತಿದೆ ಎಂದು ಬರೆದರು. ನಿಜ, ಮಾಳಿಗೆಯ ಮೇಲಿನ ಕ್ಯಾಮೆರಾಕ್ಕೆ ಅದು ಕಾಣುತ್ತಿತ್ತು. ಗೇಟಿನ ಹತ್ತಿರ ನಿಂತವರಿಗೆ ಗೇಟ್‌ಮನ್‌ನ ಕೋಣೆ ಅಡ್ಡ. ನನ್ನ ಹೆಂಡತಿ ಸೆರಗು ಸುತ್ತಿಕೊಂಡು, ಬಗ್ಗಿ, ಗೇಟಿನ ಕೆಳಗೆ ತಲೆ ಹಾಕಿದಳು. ಆಗಲೇ ಪರದೆ ನಿಂತುಹೋಯಿತು. ನಡುವೆ ಆ ಬಿಳಿ ಚಕ್ರ ಸುತ್ತತೊಡಗಿತು.

ನಾನು ಕೂಗಿದೆನಂತೆ. ಗುಜರಿ ರಾಶಿಯ ಆಚೆಯಿಂದ ಸೆಕ್ಯುರಿಟಿಯವರು ಓಡಿಬಂದರಂತೆ. ಇದೆಲ್ಲ ಗೆಳೆಯ ಆಮೇಲೆ ಹೇಳಿದ್ದು. ನನಗೆ ನೆನಪಿರುವುದು ಅವಳ ನಂಬರು ಬೇಗ ಸಿಗದೇ ಹೋದದ್ದು. ಅರ್ಧ ನಿಮಿಷ ಹಿಂದಿನದ್ದನ್ನು ನೋಡುತ್ತಿದ್ದೇನೆ, ಆಗುವುದೆಲ್ಲ ಅಲ್ಲಿ ಆಗಿಹೋಗಿದೆ ಎಂಬುದು ಆಗ ನೆನಪಾಯಿತು. ಮೊದಲ ಸಲ ಪೂರ್ತಿ ರಿಂಗಾಗಿ ನಿಂತಿತು. ಎರಡನೇ ಸಲ ಎತ್ತಿದಳು.

"ಏನ್ರೀ?" ಅಂದಳು, ನಿನ್ನೆಯಷ್ಟೇ ಮಾತಾಡಿದವರ ಹಾಗೆ.

"ಎಲ್ಲಿದ್ದಿ?"

"ಅಂಗನವಾಡಿ ಬಾಗಲ್ದಾಗ. ಬೀಗ ತಗ್ಯಾಕತ್ತೀನಿ. ಯಾಕ, ಏನಾತು?"

"ರೈಲ್ ಬರೂ ಮುಂದ ಗೇಟ್ ಕೆಳಗ ಯಾಕ ನುಗ್ಗಿದಿ? ಬುದ್ಧಿ ಐತೇನು ನಿನಗ?"

"ದಾಟಿ ಬಂದೀನಿ," ಅಂದಳು. "ಕೀಲಿ ನನ್ನ ಕಡೆ ಐತಿ, ಕೂಸುಗಳು ಬಿಸಲಾಗ ನಿಂತಿದ್ವು." ಬೀಗ ತೆಗೆದ ಸದ್ದಾಯಿತು. "ನಿಮಗ ಹೆಂಗ ಗೊತ್ತಾತು?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಗೂಡ್ಸ್ ಗಾಡಿಗೆ ಬೇಡಿಕೊಳ್ಳುತ್ತಿದ್ದುದನ್ನೂ. ಆ ಕಡೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ.

"ಎರಡ್ ತಿಂಗಳಿಂದ ದಿನಾ ನೋಡಾಕತ್ತೀರಿ. ಒಂದ್ ಫೋನ್ ಮಾಡಾಕ ಆಗ್ಲಿಲ್ಲೇನು?" ಅಂದಳು. ದನಿ ಬಿದ್ದುಹೋಗಿತ್ತು. "ಬರಬ್ಯಾಡ ಅಂದವ್ರು ನೀವು. ನಾನಾಗಿ ಹೆಂಗ ಮಾಡ್ಲಿ?"

ಸೈರನ್ ಆಯಿತು. ನಾನು ಎದ್ದು ಹೋಗಲಿಲ್ಲ. "ಆ ಮಾತು ತಪ್ಪಾತು," ಅಂದೆ. ಎರಡು ತಿಂಗಳು ಆಡದೆ ಉಳಿಸಿಕೊಂಡಿದ್ದ ಮಾತು ಅಷ್ಟು ಚಿಕ್ಕದಿತ್ತು. ಕೆಲಸ ಬಿಡುವುದಿಲ್ಲ ಅಂದಳು. ಬಿಡಬೇಡ ಅಂದೆ. ಗೇಟಿನ ಕೆಳಗೆ ನುಗ್ಗುವುದಿಲ್ಲ ಎಂದು ಮಾತು ಕೊಡು ಅಂದೆ. "ನೀವು ಊರಿಗೆ ಬಂದ್ರ ಕೊಡ್ತೀನಿ," ಅಂದಳು.

ಮರುವಾರ ಶನಿವಾರ ರಜೆ ಹಾಕಿ ಹೋದೆ. ಬಸ್ಸು ಇಳಿದು, ಚೀಲ ಹಿಡಿದು ಗೇಟಿನ ಹತ್ತಿರ ಬರುವಷ್ಟರಲ್ಲಿ ಗೇಟ್ ಬಿತ್ತು. ಆಚೆ ಬದಿಯಲ್ಲಿ ಅವಳು ನಿಂತಿದ್ದಳು. ಬೇವಿನ ಮರ, ಎರಡು ಆಡು ಎಲ್ಲ ಹಾಗೇ ಇದ್ದವು, ಆದರೆ ಅವಳು ಬೆರಳುದ್ದ ಇರಲಿಲ್ಲ. ರೈಲಿನ ಸದ್ದಿರಲಿಲ್ಲ. ನಡುವೆ ಇಪ್ಪತ್ತು ಹೆಜ್ಜೆ. ನಾನು ಚೀಲವನ್ನು ಎದೆಗವಚಿಕೊಂಡು ಬಗ್ಗಿದೆ.

"ನಿಂದ್ರಿ ಅಲ್ಲೇ," ಅಂದಳು. ಕೈ ಮುಂದೆ ಮಾಡಿದಳು. ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ದನಿ. ಗೇಟಿನ ಕೆಳಗಿದ್ದ ತಲೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಪ್ಯಾಸೆಂಜರ್ ಬಂತು. ಬೋಗಿಗಳ ಸಂದಿಯಲ್ಲಿ ಅವಳ ಸೀರೆಯ ಬಣ್ಣ ಕಂಡು ಕಂಡು ಮಾಯವಾಗುತ್ತಿತ್ತು. ಜೇಬಿನಲ್ಲಿ ಮೊಬೈಲು ನಡುಗುತ್ತಿತ್ತು, ಆ ಸದ್ದಿನಲ್ಲಿ ಎತ್ತಲಿಲ್ಲ.

ಗೇಟ್ ಪೂರ್ತಿ ಎದ್ದ ಮೇಲೆ ಎಲ್ಲರ ಜೊತೆ ನಡೆದು ದಾಟಿದೆ. ಅವಳ ಮುಂದೆ ನಿಂತೆ. ಚೀಲ ಕೆಳಗಿಡುವಷ್ಟರಲ್ಲಿ ಮೊಬೈಲು ಮತ್ತೆ ರಿಂಗಾಯಿತು. ಪೀಣ್ಯದ ಗುಜರಿ ರಾಶಿಯ ಹಿಂದೆ, ನನ್ನ ಕಟ್ಟೆಯ ಮೇಲೆ ಗೆಳೆಯ ಕೂತಿದ್ದ.

"ಲೋ ಮಗಾ, ಫೋನ್ ಎತ್ತೋ, ಜೀವ ಹೋಯ್ತು ಇಲ್ಲಿ. ಗೇಟ್ ಕೆಳಗೆ ಯಾಕೋ ನುಗ್ದೆ? ಇಲ್ಲಿ ನೋಡಿದ್ರೆ ಚಕ್ರ ಸುತ್ತಾ ಕೂತೈತೆ."

ಅವನ ದನಿ ಅವಳಿಗೂ ಕೇಳಿಸಿತು. ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು.

"ಅಂಜಬ್ಯಾಡ್ರಿ ಅಣ್ಣಾ," ಅಂದಳು. "ದಾಟಿ ಬಂದಾರ."