ಚಿಕ್ಕಮಾದು ಮೇಷ್ಟ್ರು ಮತ್ತು ಸನ್ಮಾನದ ಟ್ಯಾಂಕು

ತಗಡಿನ ಕೆಲಸ ಬಲ್ಲವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹಳೆಯ ಕಾಲದ ಚೆಂದಕ್ಕೆ ಮನಸೋತು ಸೈಕಲ್ಲಿಗೆ ಪುಟ್ಟ ಎಂಜಿನ್ ಕೂರಿಸಿಕೊಂಡು ತಿರುಗುವ ಹವ್ಯಾಸಿಗಳನ್ನು ನಿಲ್ಲಿಸಿ, ಆ ಸೈಕಲ್ಲಿನ ಪೆಟ್ರೋಲ್ ಟ್ಯಾಂಕನ್ನು ಅಚ್ಚಿಲ್ಲದೆ, ಯಂತ್ರವಿಲ್ಲದೆ, ಬರಿಯ ಕೈಯಿಂದ ಬಡಿದು ಮಾಡಿಕೊಡುವವರು ಯಾರೆಂದು ಕೇಳಿದರೆ, ನಂಜನಗೂಡಿನಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಎಲ್ಲರೂ ಬೆರಳು ತೋರುವುದು ಶ್ರೀ ಚಿಕ್ಕಮಾದು ಅವರ ಕಡೆಗೇ. ಇಷ್ಟು ವರ್ಷ ಹಾಗೆ ಬೆರಳು ತೋರಿ ತೋರಿಯೇ ನಾವೆಲ್ಲ ಅವರನ್ನು ಸುಸ್ತು ಮಾಡಿದ್ದೇವೆ ಎಂಬುದನ್ನು ಅಭಿನಂದನೆಯ ಈ ಹೊತ್ತಿನಲ್ಲಿ ಮೊದಲೇ ಹೇಳಿಬಿಡುವುದು ಮರ್ಯಾದೆ.

ಹೆಮ್ಮರಗಾಲದಲ್ಲಿ ಹುಟ್ಟಿದ ಚಿಕ್ಕಮಾದು ಅವರು ನಂಜನಗೂಡಿನ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ತಗಡು ಕೆಲಸದ ಬೋಧಕರಾಗಿ ಸೇರಿ, ಅಲ್ಲಿಯೇ ನಿವೃತ್ತರಾದರು. ಮನೆ ಮಾಡಿದ್ದು ಪತ್ನಿ ಪಾಪಮ್ಮನವರ ಊರಾದ ತಿ. ನರಸೀಪುರದಲ್ಲಿ. ಬೆಳಗಿನ ಬಸ್ಸಿನಲ್ಲಿ ನಿಂತು ಹೋಗಿ, ಸಂಜೆಯ ಬಸ್ಸಿನಲ್ಲಿ ನಿಂತೇ ಬಂದು, ಊಟಕ್ಕೆ ಮೊದಲು ಹಿತ್ತಲಿನ ಶೆಡ್ಡಿಗೆ ಕಾಲಿಡುವುದು ಅವರ ದಿನಚರಿಯಾಗಿತ್ತು. ಅವರ ವಿಭಾಗಕ್ಕೆ ಮೊದಲ ಬಾರಿಗೆ ಹೆಣ್ಣುಮಗಳೊಬ್ಬಳು, ವನಿತಾ, ಸೇರಿದ ವರ್ಷ ಸಂಸ್ಥೆಯಲ್ಲಿದ್ದ ಚರ್ಮದ ಏಪ್ರನ್‌ಗಳೆಲ್ಲ ಆಕೆಯ ಕಾಲಿಗೆ ತೊಡರುತ್ತಿದ್ದವು. ಮೇಷ್ಟ್ರು ಯಾರಿಗೂ ಹೇಳದೆ ಒಂದನ್ನು ಮನೆಗೆ ಒಯ್ದು, ಪಾಪಮ್ಮನವರಿಂದ ಕತ್ತರಿಸಿ ಹೊಲಿಸಿ ತಂದು, ಸುಮ್ಮನೆ ಮೊಳೆಗೆ ನೇತುಹಾಕಿದರು. ಅದು ತಮಗೆಂದು ವನಿತಾ ಅವರಿಗೆ ಗೊತ್ತಾದದ್ದು ತೊಟ್ಟ ಮೇಲೆಯೇ.

ಟ್ಯಾಂಕಿನ ಕೆಲಸ ಅವರನ್ನು ಹುಡುಕಿಕೊಂಡು ಬಂದದ್ದು ಮಹೇಂದ್ರ ಅವರ ಮೂಲಕ. ಸಹಕಾರಿ ಬ್ಯಾಂಕಿನ ನೌಕರರಾದ ಮಹೇಂದ್ರ, ತಂದೆಯ ಕಾಲದ ಸೈಕಲ್ಲಿಗೆ ಎಂಜಿನ್ ಕೂರಿಸಿ, ಟ್ಯಾಂಕಿನ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬ ಕಟ್ಟಿಕೊಂಡು ಬಂದಿದ್ದರು. ಆ ಡಬ್ಬವನ್ನು ನೋಡಿ ಮೇಷ್ಟ್ರಿಗೆ ಮೈಯೆಲ್ಲ ಉರಿದಿರಬೇಕು. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿದರು, ಆಮೇಲೆ ತಗಡಿನಲ್ಲಿ. ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಉಬ್ಬಿಸಿದರು. ಎರಡು ಹೋಳುಗಳನ್ನು ಬೆಸೆದು ಸೈಕಲ್ಲಿನ ಮೇಲಿನ ಎರಡು ಕೊಳವೆಗಳ ನಡುವೆ ತೂಗುಹಾಕಿದರು. ಯಾರೇ ಆಗಲಿ, ಸೈಕಲ್ಲನ್ನು ಮಾತ್ರ ತಂದು ಬಿಟ್ಟುಹೋಗುತ್ತೇನೆಂದರೆ ಅವರು ಒಪ್ಪುತ್ತಿರಲಿಲ್ಲ. ಸವಾರನನ್ನೇ ಕೂರಿಸಿ, ಪೆಡಲ್ ತುಳಿಸಿ, ಮಂಡಿ ಎಲ್ಲಿ ಬರುತ್ತದೆಂದು ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆಯೇ ಕತ್ತರಿ ಹಿಡಿಯುತ್ತಿದ್ದರು. ಮುಡುಕುತೊರೆಯಿಂದ ಬಂದ ಹಾಲಿನ ಡೈರಿಯ ಹಿರಿಯರೊಬ್ಬರಿಗೆ ಬಲ ಮಂಡಿ ಒಳಕ್ಕೆ ಬಾಗಿತ್ತು. ಅವರ ಟ್ಯಾಂಕಿನ ಬಲಗಡೆಯನ್ನು ಅಷ್ಟೇ ಒಳಕ್ಕೆ ತಗ್ಗಿಸಿ, ನೋಡಿದವರಿಗೆ ಅದೂ ಒಂದು ಹಳೆಯ ಮಾದರಿಯೇ ಎನಿಸುವಂತೆ ಮಾಡಿಕೊಟ್ಟರು. ಆ ಹಿರಿಯರು ಇಂದಿಗೂ ಅದರ ಮೇಲೆಯೇ ಡೈರಿಗೆ ಹೋಗುತ್ತಾರೆ.

ಹೆಸರು ಹರಡಿತು, ಜನ ಬಂದರು. ಮೇಷ್ಟ್ರು ಯಾರಿಗೂ ಆಗದು ಎಂದವರಲ್ಲ. ‘ನೋಡಾಣ ಬುಡಪ್ಪ’ ಎನ್ನುತ್ತಿದ್ದರು, ಬಂದವರು ಅದನ್ನೇ ಒಪ್ಪಿಗೆ ಎಂದುಕೊಂಡು ಖುಷಿಯಿಂದ ಹೋಗುತ್ತಿದ್ದರು. ಈಗ ಅವರ ಬಲ ಭುಜ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಕೊಡತಿಯ ಸದ್ದು ನಿಂತ ಮೇಲೂ ಕಿವಿಯೊಳಗೆ ಅದು ನಿಲ್ಲುವುದಿಲ್ಲ. ನಿವೃತ್ತಿಯಾದರೆ ಸಾಕು, ಕೊಡತಿಯನ್ನು ಅಟ್ಟಕ್ಕೆ ಹಾಕಿ ಮಧ್ಯಾಹ್ನದ ಹೊತ್ತು ಮಲಗುತ್ತೇನೆ ಎಂಬುದೊಂದೇ ಅವರ ಆಸೆಯಾಗಿತ್ತು. ನಾವೆಲ್ಲ ಮಾತ್ರ, ಮೇಷ್ಟ್ರು ಇನ್ನು ಪೂರ್ತಿ ಬಿಡುವಾದರು, ಟ್ಯಾಂಕುಗಳು ಬೇಗ ಬೇಗ ಆಗುತ್ತವೆ ಎಂದು ಲೆಕ್ಕ ಹಾಕಿದೆವು. ಎಂಥ ಜನ ನಾವು!

ಮೇಷ್ಟ್ರ ಸನ್ಮಾನಕ್ಕೆಂದು ನಾವು ಕಟ್ಟಿದ ಅಭಿನಂದನ ಸಮಿತಿಯೂ ಇದಕ್ಕೆ ಹೊರತಾಗಲಿಲ್ಲ. ಸಮಾರಂಭದ ವೇದಿಕೆಯ ಮೇಲೆ ಹೊಸ ಟ್ಯಾಂಕು ಹೊತ್ತ ಎಂಜಿನ್ ಸೈಕಲ್ಲೊಂದು ನಿಲ್ಲಬೇಕು, ಅದನ್ನೇ ಮೇಷ್ಟ್ರಿಗೆ ಕಾಣಿಕೆಯಾಗಿ ಅರ್ಪಿಸಬೇಕು ಎಂದು ಸಭೆ ಚಪ್ಪಾಳೆ ತಟ್ಟಿ ತೀರ್ಮಾನಿಸಿತು. ಟ್ಯಾಂಕು ಮಾಡುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಕಾರ್ಯದರ್ಶಿಗಳಾದ ಮಹೇಂದ್ರ ಅವರು ಸೈಕಲ್ಲನ್ನು ನೂಕಿಕೊಂಡು ನೇರವಾಗಿ ಮೇಷ್ಟ್ರ ಮನೆಗೇ ಬಂದರು.

ಮೇಷ್ಟ್ರು ಜಗಲಿಯ ಮೇಲೆ ಕುಳಿತು ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಸೈಕಲ್ಲನ್ನೂ ಮಹೇಂದ್ರ ಅವರ ಮುಖವನ್ನೂ ನೋಡಿ, ರೂಢಿಯಂತೆ, ‘ನೋಡಾಣ ಬುಡಪ್ಪ’ ಎಂದರು. ಎಣ್ಣೆ ಹಚ್ಚುತ್ತಿದ್ದ ಪಾಪಮ್ಮನವರ ಕೈ ಅಲ್ಲಿಗೇ ನಿಂತಿತು.

‘ಅಲ್ಲ ಕಣಪ್ಪಾ ಮಹೇಂದ್ರ, ಮದ್ವೆ ಗಂಡಿನ್ ಕೈಲೇ ಚಪ್ಪರ ಆಕ್ಸಕ್ಕೆ ಬಂದಿದ್ದೀಯಲ್ಲ, ನಿಮ್ ಸಮಿತಿಲಿ ಒಬ್ರಿಗಾದ್ರೂ ಬುದ್ಧಿ ಬ್ಯಾಡ್ವಾ? ಈ ತೋಳ್ ನೋಡು. ರಾತ್ರಿ ಮಗ್ಗುಲಾಗಕ್ಕೂ ನನ್ನೇ ಎಬ್ಬುಸ್ತಾರೆ.’

ಮಹೇಂದ್ರ ಅವರು ತಲೆ ತಗ್ಗಿಸಿ ನಿಂತರು. ಪಾಪ, ಅವರದೂ ಪ್ರೀತಿಯೇ. ಅಷ್ಟು ಹೊತ್ತಿಗೆ ಮೇಷ್ಟ್ರು ತಮ್ಮ ಇಡೀ ಆಯುಷ್ಯದಲ್ಲಿ ಆಡದಿದ್ದ ಮಾತೊಂದನ್ನು ಮೆಲ್ಲಗೆ ಆಡಿದರು: ‘ನನ್ ಕೈಲಾಗಲ್ಲ ಮಹೇಂದ್ರ. ಸಾಕಾಗೋಗದೆ.’

ಆ ಟ್ಯಾಂಕನ್ನು ಮಾಡಿದವರು ವನಿತಾ. ಈಗ ನಂಜನಗೂಡಿನಲ್ಲಿ ಸ್ವಂತ ವೆಲ್ಡಿಂಗ್ ಅಂಗಡಿ ನಡೆಸುವ ಅವರು ವಿಷಯ ತಿಳಿದು, ಅಂಗಡಿ ಮುಚ್ಚಿ ಬಂದು, ಮೇಷ್ಟ್ರ ಶೆಡ್ಡಿನಲ್ಲಿಯೇ ಬಡಿದು ಬೆಸೆದರು. ಉಳಿದದ್ದು ಪರೀಕ್ಷೆ. ಟ್ಯಾಂಕಿನ ಬಾಯಿಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಸ್ವಲ್ಪ ಗಾಳಿ ತುಂಬಿ, ಬೆಸುಗೆಯ ಉದ್ದಕ್ಕೂ ಸೋಪಿನ ನೀರು ಬಳಿದು, ಎಲ್ಲಿ ಗುಳ್ಳೆ ಏಳುತ್ತದೆಂದು ನೋಡುವ ಕೆಲಸವದು. ಆ ಶೆಡ್ಡಿನಿಂದ ಹೊರಗೆ ಹೋದ ಟ್ಯಾಂಕುಗಳಲ್ಲಿ ಮೇಷ್ಟ್ರು ಸ್ವತಃ ನೋಡದೆ ಬಿಟ್ಟದ್ದು ಒಂದೂ ಇಲ್ಲ. ವನಿತಾ ಸೋಪಿನ ನೀರಿನ ಬಟ್ಟಲನ್ನು ಅವರ ಮುಂದೆ ಹಿಡಿದರು.

‘ನಾನ್ ನೋಡಲ್ಲ ಕಣವ್ವ’ ಎಂದರು ಮೇಷ್ಟ್ರು. ‘ಇವತ್ತು ನೋಡುದ್ರೆ ನಾಳೆಯೂ ನಾನೇ ನೋಡ್ಬೇಕಾಯ್ತದೆ. ನೀನೇ ನೋಡ್ಕೊ.’

‘ಸಾ, ಸೋರಿದ್ರೆ ನಿಮ್ ಹೆಸ್ರು ಓಗ್ತದೆ.’

‘ಓಗ್ಲಿ ಬುಡು. ನೀನು ಸೋರಕ್ಕೆ ಬುಡಲ್ಲ.’

ವನಿತಾ ಒಬ್ಬರೇ ಕುಳಿತು ಬಳಿದರು. ಕೆಳಗಿನ ಮೂಲೆಯಲ್ಲಿ ಸಣ್ಣ ಗುಳ್ಳೆಯೊಂದು ಎದ್ದಿತು. ಅಲ್ಲಿ ಉಜ್ಜಿ, ಮತ್ತೆ ಬೆಸೆದು, ಅಂಚನ್ನು ಕೊಡತಿಯಿಂದ ತಟ್ಟಿ ಸಮ ಮಾಡಿ, ಮತ್ತೆ ನೀರು ಬಳಿದರು. ಈ ಸಲ ಏನೂ ಏಳಲಿಲ್ಲ. ‘ಆಯ್ತು ಸಾ’ ಎಂದು ತಿರುಗಿ ನೋಡಿದರೆ, ಅಷ್ಟು ಸದ್ದಿನ ನಡುವೆಯೂ ಮೇಷ್ಟ್ರು ಬೆಂಚಿನ ಮೇಲೆ ಕಾಲು ಚಾಚಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದರು. ವನಿತಾ ಉಪಕರಣಗಳನ್ನು ಒಂದೊಂದಾಗಿ ಸದ್ದಾಗದಂತೆ ಎತ್ತಿಟ್ಟರು.

ಇಂಥ ಲೇಖನಗಳ ಕೊನೆಗೆ ಹಿರಿಯರ ಸೇವೆ ಇನ್ನೂ ಬಹುಕಾಲ ಮುಂದುವರಿಯಲಿ ಎಂದು ಬರೆಯುವುದು ಶಿಷ್ಟಾಚಾರ. ಹಾಗೆ ಬರೆಯುವ ಧೈರ್ಯ ನಮಗಿಲ್ಲ, ಮನಸ್ಸೂ ಇಲ್ಲ. ಶ್ರೀ ಚಿಕ್ಕಮಾದು ಅವರು ನೂರು ವರ್ಷ ಸುಖವಾಗಿ ಬಾಳಲಿ. ಟ್ಯಾಂಕು ಬೇಕಾದವರು ನಂಜನಗೂಡಿಗೆ ಹೋಗಿ ವನಿತಾ ಅವರನ್ನು ಕಾಣಲಿ. ತಿ. ನರಸೀಪುರದ ಆ ಮನೆಯ ಮುಂದೆ ಮಧ್ಯಾಹ್ನದ ಹೊತ್ತು ಯಾರೂ ಬೆಲ್ಲು ಬಾರಿಸದಿರಲಿ, ಮೇಷ್ಟ್ರು ಮಲಗಿರುತ್ತಾರೆ.