ಬೀಗದ ಬಾಗಿಲ ಮುಂದೆ ಅಡ್ಜೆಕ್ಟಿವ್ ಪಾಠ

ಮೊನ್ನೆ ಸಂಜೆ ಹೊಸದುರ್ಗದ ಬೀದಿಯೊಂದರಲ್ಲಿ ಯಾರೋ ಶೇಂಗಾ ಹುರಿಯುತ್ತಿದ್ದರು. ಸಿಪ್ಪೆ ಸೀದ ಆ ವಾಸನೆಗೆ ಕಾಲು ತಾನಾಗಿ ನಿಂತಿತು. ನಮ್ಮೂರು ಐಮಂಗಲದಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂ ಮನೆಯಲ್ಲೂ ದಿನಾ ಸಂಜೆ ಇದೇ ವಾಸನೆ. ಹೈಸ್ಕೂಲಿನಿಂದ ಬಂದವರೇ ಶೇಂಗಾ ಹುರಿದು ನಮ್ಮ ನಡುವೆ ಸುರಿದು, ಆಮೇಲೆ ಪಾಠ.

ಅವರು ಬೇರೆ ಜಿಲ್ಲೆಯವರು. ಗಂಡನನ್ನು ಬಿಟ್ಟು ಬಂದಿದ್ದರೋ, ಮದುವೆಯೇ ಆಗಿರಲಿಲ್ಲವೋ... ಅವರು ಹೇಳಲಿಲ್ಲ, ನಮಗೆ ಕೊನೆಗೂ ತಿಳಿಯಲಿಲ್ಲ. ಊರಿನ ಬಾಯಲ್ಲಿ ಮಾತ್ರ ಅವರು ‘ಒಂಟಿ ಹೆಂಗಸು’.

ಒಂದು ದಿನ ಪಾಠದ ನಡುವೆಯೇ ಮನೆ ಮಾಲೀಕರು ಬಂದರು. ಅವರ ಮಗಳೂ ನಮ್ಮ ಜೊತೆ ಕೂತಿದ್ದಳು.

“ಮೇಡಂ, ಒಂಟಿ ಹೆಂಗಸಿಗೆ ಮನೆ ಕೊಟ್ಟೀಯ ಅಂತ ಜನ ಆಡ್ಕೊಳ್ತಾರೆ. ನಿಮ್ಮಣ್ಣನ್ನೋ ತಮ್ಮನ್ನೋ ಕರ್ಕಂಬರ್ರಿ. ಇಲ್ಲಾಂದ್ರೆ ಖಾಲಿ ಮಾಡ್ರಿ.”

“ಬಾಡಿಗೆ ಕಟ್ಟೋದು ನಾನು, ಇರೋದೂ ನಾನು. ಅಣ್ಣ ಯಾಕ್ರೀ ಬರ್ಬೇಕು?” ಎಂದರು ಮೇಡಂ, ಎದ್ದೇಳದೆ.

ಮರುದಿನ ಅವರು ಶಾಲೆಯಿಂದ ಬರುವಷ್ಟರಲ್ಲಿ ಅವರ ಬೀಗದ ಮೇಲೆ ಮಾಲೀಕರ ಬೀಗವೂ ಬಿದ್ದಿತ್ತು. ನನ್ನವ್ವ ಕುರಿ ಹೊಡೆದುಕೊಂಡು ಬರುತ್ತಿದ್ದವಳು ನೋಡಿ, “ನಮ್ಮನ್ಯಾಗೆ ಜಾಗ ಐತೆ, ಬರ್ರಿ” ಎಂದಳು. ರಾತ್ರಿ ಮಲಗಲು ಮೇಡಂ ನಮ್ಮ ಮನೆಗೆ ಬಂದರು. ಪಾಠವನ್ನು ಮಾತ್ರ ಆ ಬೀಗದ ಬಾಗಿಲ ಮುಂದೆ, ಮೆಟ್ಟಿಲ ಮೇಲೆಯೇ ಮಾಡಿದರು. “ಇಲ್ಲಿಂದ ನಾನು ಎದ್ದರೆ, ನಾಳೆ ಬರೋ ಇನ್ನೊಬ್ಬಳನ್ನೂ ಎಬ್ಬಿಸ್ತಾರೆ.”

ಆಗ ನಡೆಯುತ್ತಿದ್ದದ್ದು ಅಡ್ಜೆಕ್ಟಿವ್ ಪಾಠ. ಹಳೇ ಕೋಟೆ ಎನ್ನಬಹುದು, ಕೋಟೆ ಹಳೇದು ಎನ್ನಬಹುದು. ‘ಓಲ್ಡ್’ ಎರಡೂ ಕಡೆ ನಿಲ್ಲುತ್ತದೆ. ‘ಮೇನ್’ ಹಾಗಲ್ಲ. ‘ಮೇನ್ ರೋಡ್’ ಉಂಟು, ‘ದಿ ರೋಡ್ ಈಸ್ ಮೇನ್’ ಇಲ್ಲ; ಪಕ್ಕದಲ್ಲಿ ನಾಮಪದ ಇರದಿದ್ದರೆ ಅದಕ್ಕೆ ನೆಲೆಯಿಲ್ಲ. ‘ಅಲೋನ್’, ಅಂದರೆ ಒಂಟಿ; ಅದನ್ನಿಟ್ಟು ವಾಕ್ಯ ಮಾಡಿ ಎಂದರು ಮೇಡಂ. ನಾನು ಹಿಂದುಮುಂದು ನೋಡದೆ, “ಮೇಡಂ ಈಸ್ ಆ್ಯನ್ ಅಲೋನ್ ವುಮನ್” ಎಂದುಬಿಟ್ಟೆ.

ಮೇಡಂ ನಕ್ಕರು. “ತಪ್ಪು ಕಣೇ. ‘ಶಿ ಈಸ್ ಅಲೋನ್’ ಅನ್ನು, ಸರಿ. ‘ಅಲೋನ್ ವುಮನ್’ ಅಂತ ಇಂಗ್ಲಿಷಲ್ಲಿ ಇಲ್ವೇ ಇಲ್ಲ. ಆ ಪದ ಯಾರ ಹೆಸರಿಗೂ ಜೋತುಬೀಳಲ್ಲ, ‘ಈಸ್’ ಆದ ಮೇಲೆ ತಾನೇ ನಿಲ್ಲುತ್ತೆ.” ಎದುರಿನ ಕಟ್ಟೆಯ ಮೇಲಿದ್ದ ಮಾಲೀಕರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು.

ಕೆಲವು ಸಂಜೆ ಹೀಗೇ ನಡೆಯಿತು. ಕೊನೆಗೆ ಮಾಲೀಕರ ಮಗಳೇ ಮನೆಯಿಂದ ಬೀಗದ ಕೈ ತಂದು, ಅಪ್ಪ ನೋಡುತ್ತಿದ್ದಂತೆ ಅಪ್ಪನ ಬೀಗ ತೆಗೆದಳು.

“ಲೇ, ಯಾರನ್ನ ಕೇಳಿ ತಗದಿ?”

“ಅವ್ರ ಮನಿ ಅಲ್ವೇನಪ್ಪ, ಅವ್ರನ್ನೇ ಕೇಳಿ ತಗದೆ.”

ಮಾಲೀಕರು ಟವೆಲ್ ಕೊಡವಿ ಎದ್ದು ಹೋದರು. ಮತ್ತೆ ಬೀಗ ಬೀಳಲಿಲ್ಲ. ವರ್ಗವಾಗುವವರೆಗೂ ಮೇಡಂ ಅದೇ ಮನೆಯಲ್ಲಿದ್ದರು.

ಹೋದ ವರ್ಷ ಮೇಡಂ ತೀರಿಕೊಂಡರೆಂದು ಫೋನ್ ಮಾಡಿದವಳೂ ಮಾಲೀಕರ ಆ ಮಗಳೇ. ಮೇಡಂ ಅವರನ್ನು ಕೇಳಬೇಕಿದ್ದ ಎಷ್ಟೋ ಮಾತು ಹಾಗೇ ಉಳಿದವು.

ನಾನು ಈಗ ಹೊಸದುರ್ಗಕ್ಕೆ ವರ್ಗವಾಗಿ ಬಂದಿದ್ದೇನೆ. ಮೊನ್ನೆ ಸಂಜೆ ಹೊರಟಿದ್ದದ್ದು ಬಾಡಿಗೆ ಮನೆ ನೋಡಲು. ಮನೆಯವರು ಕೋಣೆ, ನಲ್ಲಿ ಎಲ್ಲ ತೋರಿಸಿ ಕೇಳಿದರು, “ಜೊತೆಗೆ ಯಾರಿರ್ತಾರ್ರಿ?”

“ಯಾರೂ ಇಲ್ಲ. ಒಂದನೇ ತಾರೀಕಿಗೆ ಬರ್ತೀನಿ” ಎಂದು ಬೀಗದ ಕೈಗೆ ಕೈ ಚಾಚಿದೆ.